ಖಾಲಿ ಎಂದು ಬಿಟ್ಟ ಫೋಟೊಗಳು

ನವೆಂಬರ್ 11, 2024, ಸೋಮವಾರ

ಮೈಸೂರಿನ ಕಂಪನಿಯವರು ಇವತ್ತು ಫೋನ್ ಮಾಡಿ ಬರುವುದಿಲ್ಲ ಅಂದರು. ಕ್ಯಾಂಪಸ್ ಸಂದರ್ಶನ ನಡೆಸಬೇಕಾದರೆ ಕನಿಷ್ಠ ನಲವತ್ತು ಹುಡುಗರು ಬೇಕಂತೆ. ನಮ್ಮ ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷದಲ್ಲಿರುವುದೇ ಒಂಬತ್ತು ಜನ. ಆ ಒಂಬತ್ತು ಜನರಲ್ಲಿ ಯಾರು ಚೆನ್ನಾಗಿ ಬರೆಯುತ್ತಾರೆ, ಯಾರಿಗೆ ಏನು ಗೊತ್ತು ಎಂದು ಹೇಳಲು ಹೊರಟರೆ ಫೋನ್ ಮಾಡಿದ್ದ ಹುಡುಗಿ ಕೇಳಿಸಿಕೊಳ್ಳಲೇ ಇಲ್ಲ. ‘ಆನ್‌ಲೈನ್‌ನಲ್ಲಿ ಅಪ್ಲೈ ಮಾಡೋಕೆ ಹೇಳಿ ಸರ್’ ಎಂದು ಇಟ್ಟುಬಿಟ್ಟಳು.

ತರಗತಿಗೆ ಹೋಗಿ ಹೇಳಿದೆ. ಯಾರೂ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಅದೇ ನನಗೆ ಸಂಕಟವಾಯಿತು. ಚಂದಕವಾಡಿಯ ಶಿವಮಲ್ಲು ಮಾತ್ರ, ‘ನಮ್ಮೂರ್ಗೆ ಬಸ್ಸೇ ಬರಲ್ಲ ಸಾರ್, ಕಂಪನಿ ಬತ್ತದಾ’ ಎಂದು ನಗಿಸಿದ.

ಹನ್ನೊಂದು ವರ್ಷದಿಂದ ನಾನು ಚಾಮರಾಜನಗರದ ಈ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಪ್ರತಿ ವರ್ಷ ಅರ್ಜಿ, ಪ್ರತಿ ವರ್ಷ ಹೊಸ ಆದೇಶ. ಹನ್ನೊಂದು ವರ್ಷ ಉಳಿದುಕೊಂಡವನನ್ನು ಅತಿಥಿ ಎನ್ನುವುದು ಈ ಇಲಾಖೆಯಲ್ಲಿ ಮಾತ್ರ. ಈ ವರ್ಷ ಉದ್ಯೋಗ ಮಾಹಿತಿ ಘಟಕವನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಬೀಗದ ಕೈ ತೆಗೆದುಕೊಂಡು ಅದರ ಮೇಜಿನ ಡ್ರಾಯರ್ ತೆರೆದರೆ ಹಳೆಯ ಪತ್ರಗಳ ಕಟ್ಟು. ತರಬೇತಿ, ಫೆಲೋಶಿಪ್, ಬೇಸಿಗೆ ಇಂಟರ್ನ್‌ಶಿಪ್. ಎಲ್ಲದಕ್ಕೂ ದಿನಾಂಕ ಮುಗಿದಿದೆ. ಒಂದನ್ನೂ ನೋಟಿಸ್ ಬೋರ್ಡಿಗೆ ಹಾಕಿದಂತಿಲ್ಲ. ವಿಭಾಗದ ಮುಖ್ಯಸ್ಥರಾದ ಮಹದೇವಪ್ರಸಾದ್ ಸರ್ ಅವರನ್ನು ಕೇಳಿದೆ. ‘ಹಾಕಿದ್ರೆ ಏನು ಚಂದ್ರಕುಮಾರ್, ಯಾರಿಗ್ರೀ ಸಿಗುತ್ತೆ’ ಅಂದರು. ಇಂಥವರ ಕೈಗೆ ಮಕ್ಕಳ ಭವಿಷ್ಯ ಕೊಟ್ಟರೆ ಇನ್ನೇನಾಗುತ್ತದೆ? ಮೈ ಉರಿಯಿತು. ನನ್ನ ಕೈಯಲ್ಲಿರುವಷ್ಟು ದಿನ ಒಂದು ಪತ್ರವೂ ಡ್ರಾಯರ್ ಸೇರಬಾರದು.

ನವೆಂಬರ್ 29, ಶುಕ್ರವಾರ

ಮಿನಿ ಪ್ರಾಜೆಕ್ಟಿನ ವಿಷಯ ಕೊಡುವ ದಿನ. ಎಂಟು ಜನ ಕಳೆದ ವರ್ಷದವರದನ್ನೇ ಹೆಸರು ಬದಲಿಸಿ ತಂದಿದ್ದರು. ಗ್ರಂಥಾಲಯ ನಿರ್ವಹಣೆ, ಹಾಸ್ಟೆಲ್ ನಿರ್ವಹಣೆ.

ಬಿಂದುಶ್ರೀ ಮಾತ್ರ ಬೇರೆ ತಂದಿದ್ದಳು. ಗುಂಡ್ಲುಪೇಟೆ ಕಡೆಯವಳು, ಹಂಗಳದಿಂದಾಚೆ ಕಾಡಂಚಿನ ಊರು. ದಿನಾ ಎರಡು ಬಸ್ಸು ಬದಲಾಯಿಸಿ ಬರುತ್ತಾಳೆ. ಅವಳ ಅಪ್ಪ ಪುಟ್ಟಮಾದಯ್ಯ ಬಂಡೀಪುರದಲ್ಲಿ ಕಾಡು ಕಾಯುವ ವಾಚರ್. ಪ್ರಾಣಿಗಳ ಲೆಕ್ಕಕ್ಕೆಂದು ಕಾಡಿನ ಮರಗಳಿಗೆ ಕ್ಯಾಮೆರಾ ಕಟ್ಟಿರುತ್ತಾರಂತೆ. ಮುಂದೆ ಏನು ಅಲುಗಿದರೂ ಅದು ತಾನೇ ಫೋಟೊ ಹೊಡೆಯುತ್ತದೆ. ಗಾಳಿಗೆ ಹುಲ್ಲು ಅಲುಗಿದರೂ ಹೊಡೆಯುತ್ತದೆ. ನೂರು ಫೋಟೊದಲ್ಲಿ ತೊಂಬತ್ತು ಬರೀ ಹುಲ್ಲು. ಅಷ್ಟನ್ನೂ ಒಂದೊಂದಾಗಿ ನೋಡಿ ಪ್ರಾಣಿ ಇರುವುದನ್ನು ಆರಿಸಬೇಕು. ಆ ಕೆಲಸವನ್ನು ಕಂಪ್ಯೂಟರೇ ಮಾಡುವಂತೆ ಪ್ರೋಗ್ರಾಮ್ ಬರೆಯುತ್ತೇನೆ ಅಂದಳು.

ನಮ್ಮ ಲ್ಯಾಬಿನಲ್ಲಿ ಸರಿಯಾಗಿ ನಡೆಯುವುದು ಏಳು ಯಂತ್ರ, ಅವೂ ಹಳೆಯವು, ಆಗುವುದಿಲ್ಲ ಅಂದೆ. ‘ಚಿಕ್ಕದಾಗಿ ಮಾಡ್ತೀನಿ ಸರ್. ಅಪ್ಪ ಕ್ಯಾಮೆರಾದ ಬೇಡದ ಕಾರ್ಡು ಕೇಳಿ ಇಸ್ಕೊಂಡು ಬಂದವ್ರೆ, ಅದರಲ್ಲಿ ನಾಲ್ಕು ಸಾವಿರ ಫೋಟೊ ಅದೆ’ ಅಂದಳು. ನಾಲ್ಕು ಸಾವಿರವನ್ನೂ ತಾನೇ ನೋಡಿ, ಖಾಲಿ ಯಾವುದು, ಜಿಂಕೆ ಯಾವುದು, ಆನೆ ಯಾವುದು ಎಂದು ಆಗಲೇ ಪಟ್ಟಿ ಮಾಡಿಟ್ಟಿದ್ದಾಳೆ.

ಒಪ್ಪಿದೆ. ಪಾಠ ಮಾಡಿದ್ದು ಸಾರ್ಥಕ ಅನ್ನಿಸುವ ದಿನ ವರ್ಷಕ್ಕೆ ಒಂದೋ ಎರಡೋ. ಇವತ್ತು ಒಂದು.

ಜನವರಿ 7, 2025, ಮಂಗಳವಾರ

ಹದಿನೈದಕ್ಕಿಂತ ಕಡಿಮೆ ಜನ ಇರುವ ಕೋರ್ಸುಗಳಿಗೆ ಮುಂದಿನ ವರ್ಷ ಪ್ರವೇಶ ಇರುವುದಿಲ್ಲ ಎಂಬ ಮಾತು ಓಡಾಡುತ್ತಿದೆ. ಮೊದಲ ವರ್ಷದಲ್ಲಿ ನಮಗಿರುವುದು ಆರು ಜನ. ಮಹದೇವಪ್ರಸಾದ್ ಸರ್ ಖಾಯಂ ನೌಕರರು, ಎಲ್ಲಿಗಾದರೂ ವರ್ಗವಾಗುತ್ತಾರೆ. ನನಗೆ ವರ್ಗ ಎಲ್ಲಿಂದ?

ಮನೆಯಲ್ಲಿ ಹೇಳಿದೆ. ಹೆಂಡತಿ ಲಕ್ಷ್ಮಿದೇವಿ ಸೊಪ್ಪು ಬಿಡಿಸುತ್ತಲೇ, ನಲವತ್ತು ದಾಟಿದ ಮೇಲೆ ಹೊಸ ಕಡೆ ಯಾರು ತೆಗೆದುಕೊಳ್ಳುತ್ತಾರೆ ಅಂದಳು. ಸಿಟ್ಟಿನಿಂದ ಅನ್ನಲಿಲ್ಲ. ಸಿಟ್ಟಿನಿಂದ ಅಂದಿದ್ದರೆ ಉತ್ತರ ಕೊಡಬಹುದಿತ್ತು.

ಜನವರಿ 22, ಬುಧವಾರ

ಬಿಂದುಶ್ರೀಯ ಪ್ರೋಗ್ರಾಮ್ ಇವತ್ತು ನಡೆಯಿತು. ಐನೂರು ಫೋಟೊ ಕೊಟ್ಟೆವು. ನಾನೂರ ಮೂವತ್ತನ್ನು ಖಾಲಿ ಎಂದು ಪಕ್ಕಕ್ಕಿಟ್ಟಿತು. ನಾವಿಬ್ಬರೂ ಕೂತು ಅಷ್ಟನ್ನೂ ನೋಡಿದೆವು. ಒಂದೇ ಒಂದು ಮುಂಗುಸಿ ತಪ್ಪಿತ್ತು. ಶಿವಮಲ್ಲು ಎದ್ದು ನಿಂತು ಚಪ್ಪಾಳೆ ಹೊಡೆದ. ಅವಳು ಆ ಮುಂಗುಸಿ ಯಾಕೆ ತಪ್ಪಿತು ಎಂದು ನೋಡುವುದರಲ್ಲೇ ಇದ್ದಳು.

ಒಂದು ಪ್ರತಿ ನನಗೂ ಕೊಟ್ಟಿದ್ದಾಳೆ.

ಫೆಬ್ರವರಿ 3, ಸೋಮವಾರ

ವಿಭಾಗದ ಇ-ಮೇಲಿಗೆ ಒಂದು ಪತ್ರ ಬಂದಿದೆ. ಮೈಸೂರಿನ ಒಂದು ವನ್ಯಜೀವಿ ಸಂಶೋಧನಾ ಸಂಸ್ಥೆ. ಬಂಡೀಪುರದಲ್ಲಿ ಎರಡು ವರ್ಷದ ಯೋಜನೆ, ಕ್ಯಾಮೆರಾ ಫೋಟೊಗಳನ್ನು ಕಂಪ್ಯೂಟರಿನಿಂದ ವಿಂಗಡಿಸುವುದು. ಒಂದೇ ಹುದ್ದೆ. ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಕೊನೆ ವರ್ಷದವರೂ ಹಾಕಬಹುದು, ಓದು ಮುಗಿಸಿದವರೂ ಹಾಕಬಹುದು. ಸುತ್ತಲಿನ ತಾಲ್ಲೂಕಿನವರಿಗೆ ಆದ್ಯತೆ. ವಯಸ್ಸಿನ ಮಿತಿ ಇಲ್ಲ. ಕೊನೆಯ ದಿನ ಇಪ್ಪತ್ತು.

ಓದುತ್ತಿದ್ದಂತೆ ಬಿಂದುಶ್ರೀ ಎಂದು ಬಾಯಲ್ಲೇ ಬಂತು. ಅವಳಿಗಾಗಿಯೇ ಬರೆದಂತಿದೆ. ಪ್ರಿಂಟ್ ತೆಗೆದೆ. ನೋಟಿಸ್ ಬೋರ್ಡಿಗೆ ಹಾಕಲು ಮುಖ್ಯಸ್ಥರ ಸಹಿ ಬೇಕು, ಸರ್ ರಜೆಯಲ್ಲಿದ್ದಾರೆ. ನಾಳೆ ಹಾಕಿದರಾಯಿತು.

ಫೆಬ್ರವರಿ 5, ಬುಧವಾರ

ಸರ್ ಬಂದರು. ಬೇರೆ ಕಡತಗಳಿಗೆಲ್ಲ ಸಹಿಯಾಯಿತು. ಈ ಪತ್ರವನ್ನು ಕೊಂಡೊಯ್ಯುವುದು ಮರೆತೆ.

ಹಾಗೆ ನೋಡಿದರೆ ಈಗ ಹಾಕುವುದು ಒಳ್ಳೆಯದೂ ಅಲ್ಲ. ಸೋಮವಾರದಿಂದ ಪರೀಕ್ಷೆ. ಮಕ್ಕಳ ಗಮನ ಅತ್ತ ಇತ್ತ ಹೋಗುತ್ತದೆ.

ಫೆಬ್ರವರಿ 10, ಸೋಮವಾರ

ವಿಷಯವನ್ನು ಸರಿಯಾಗಿ ಯೋಚಿಸಬೇಕು. ಕಾಡಿನ ಕ್ಯಾಂಪಿನಲ್ಲಿ ಇರಬೇಕಾದ ಕೆಲಸ. ಇಪ್ಪತ್ತೆರಡು ವರ್ಷದ ಹುಡುಗಿ. ನಾಳೆ ಏನಾದರೂ ಆದರೆ ಕಳಿಸಿದವರು ಯಾರು ಎಂದು ನನ್ನನ್ನೇ ಕೇಳುತ್ತಾರೆ. ಮದುವೆಗೆ ನೋಡುತ್ತಿದ್ದಾರೆ ಎಂದೂ ಕೇಳಿದ ನೆನಪು. ಎರಡು ವರ್ಷದ ಯೋಜನೆಯನ್ನು ಅರ್ಧಕ್ಕೆ ಬಿಟ್ಟು ಹೋದರೆ ವಿಭಾಗಕ್ಕೆ ಕೆಟ್ಟ ಹೆಸರು. ಅವಳಿಗೆ ವಯಸ್ಸಿದೆ, ಬೇಕಾದಷ್ಟು ಅವಕಾಶ ಬರುತ್ತವೆ.

ಅನುಭವ ಇರುವ ಒಬ್ಬರು ಮೊದಲು ಅಲ್ಲಿ ಹೋಗಿ ಕೂತರೆ ಆಮೇಲೆ ನಮ್ಮ ಮಕ್ಕಳನ್ನು ಒಬ್ಬೊಬ್ಬರಾಗಿ ಸೇರಿಸಬಹುದು. ಹೀಗೂ ಯೋಚಿಸಬಹುದು.

ಫೆಬ್ರವರಿ 14, ಶುಕ್ರವಾರ

ಅರ್ಜಿ ಹಾಕಿದೆ. ಸಿಗುವುದಿಲ್ಲ ಎಂದು ಗೊತ್ತು. ಸುಮ್ಮನೆ ಹಾಕಿದ್ದು.

ಹಿಂದಿನ ಕೆಲಸದ ಮಾದರಿ ಕೇಳಿದ್ದರು. ನಮ್ಮ ವಿಭಾಗದಲ್ಲಿ ಮಾಡಿದ ಫೋಟೊ ವಿಂಗಡಣೆಯ ಪ್ರೋಗ್ರಾಮ್ ಕಳಿಸಿದೆ. ಮಾರ್ಗದರ್ಶನ ನನ್ನದೇ ತಾನೆ.

ಫೆಬ್ರವರಿ 18, ಮಂಗಳವಾರ

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಬಿಂದುಶ್ರೀ ಬಾಗಿಲ ಹತ್ತಿರ ಬಂದು ನಿಂತಳು. ಪರೀಕ್ಷೆ ಹೇಗಾಯಿತು ಎಂದೆ. ಚೆನ್ನಾಗಾಯಿತು ಅಂದಳು. ಹೋಗಲಿಲ್ಲ.

‘ಸರ್, ನಮಗೆ ಯಾವುದಾದ್ರೂ ಬಂದಿದೆಯಾ? ಪ್ರಾಜೆಕ್ಟು, ಫೆಲೋಶಿಪ್ಪು ಅಂಥದ್ದು?’

‘ಇಲ್ಲಮ್ಮ. ನಮ್ಮಂಥ ವಿಭಾಗಕ್ಕೆ ಯಾರು ಕಳಿಸ್ತಾರೆ.’

‘ಬಂದ್ರೆ ಹೇಳಿ ಸರ್’ ಎಂದು ಹೊರಟಳು.

ಡಬ್ಬಿ ಮುಚ್ಚಿಟ್ಟು ತರಗತಿಗೆ ಹೋದೆ.

ಮಾರ್ಚ್ 12, ಬುಧವಾರ

ಮೈಸೂರಿಗೆ ಸಂದರ್ಶನಕ್ಕೆ ಹೋಗಿದ್ದೆ. ಇದ್ದವರು ಐದೇ ಜನ. ನಾನೇ ಹಿರಿಯ. ಉಳಿದ ನಾಲ್ವರಿಗೆ ಬಂಡೀಪುರ ಅಂದರೆ ಸಫಾರಿ ಅಷ್ಟೇ.

ಯೋಜನೆಯ ಮುಖ್ಯಸ್ಥೆ ಸ್ವರ್ಣಲತಾ ಮೇಡಂ. ನೆಟ್ಟಗೆ ಮಾತಾಡುವ ಹೆಂಗಸು. ಪ್ರೋಗ್ರಾಮನ್ನು ನಡೆಸಿ ನೋಡಿದ್ದರು. ಇಷ್ಟು ಹಳೆಯ ಕಂಪ್ಯೂಟರಿನಲ್ಲಿ ಇಷ್ಟು ಹಗುರವಾಗಿ ನಡೆಯುವಂತೆ ಹೇಗೆ ಬರೆದಿರಿ ಎಂದು ಕೇಳಿದರು. ‘ನಾವು ಮೊದಲು ಹಿನ್ನೆಲೆಯನ್ನು ಕಳೆಯುತ್ತೇವೆ’ ಎಂದು ಶುರು ಮಾಡಿದೆ.

‘ನಾವು ಅಂದ್ರೆ?’

‘ನಾನು’ ಅಂದೆ.

ವಾಪಸ್ ಬರುವಾಗ ನಂಜನಗೂಡಿನಲ್ಲಿ ಬಸ್ಸು ಬಹಳ ಹೊತ್ತು ನಿಂತಿತ್ತು. ಬಾಳೆಹಣ್ಣು ತೆಗೆದುಕೊಂಡೆ. ಮಾತಾಡುವಾಗ ‘ನಾವು’ ಎನ್ನುವುದು, ‘ನಾನು’ ಎನ್ನುವುದು ಎಲ್ಲ ಅಭ್ಯಾಸದ ಮಾತು. ಅದರಲ್ಲೇನಿದೆ.

ಮಾರ್ಚ್ 27, ಗುರುವಾರ

ಆದೇಶ ಬಂತು.

ಲಕ್ಷ್ಮಿದೇವಿ ಚಾಮರಾಜೇಶ್ವರನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬಂದಳು. ಹರವೆಯಿಂದ ಅಣ್ಣ ಗುರುಮಲ್ಲಯ್ಯ ಫೋನ್ ಮಾಡಿದ, ಹನ್ನೊಂದು ವರ್ಷ ಕಾದಿದ್ದಕ್ಕೆ ದೇವರು ಕಣ್ಣು ಬಿಟ್ಟ ಅಂದ. ಲಕ್ಷ್ಮಿದೇವಿ ತುಂಬಾ ದಿನದ ಮೇಲೆ ನಕ್ಕಿದ್ದು ನೋಡಿ ಸಮಾಧಾನವಾಯಿತು.

ಏಪ್ರಿಲ್ 4, ಶುಕ್ರವಾರ

ಹುಡುಗರು ಬೀಳ್ಕೊಡುಗೆ ಮಾಡಿದರು. ಒಂಬತ್ತು ಜನ ಸೇರಿ ಒಂದು ಕೈಗಡಿಯಾರ ತಂದಿದ್ದಾರೆ. ಶಿವಮಲ್ಲು ಮಾತಾಡಲು ಎದ್ದು, ಸರ್ ನಮ್ಮನ್ನ ಹೆಸರು ಹಿಡಿದು ಕರೀತಿದ್ರು, ಬೇರೆಯವರು ನಂಬರು ಕರೀತಿದ್ರು ಎಂದಷ್ಟೇ ಹೇಳಿ ಕೂತುಬಿಟ್ಟ. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರು. ಮೈಸೂರಿನ ಒಂದು ಸಂಸ್ಥೆ ಅಂದೆ. ಅದು ಸುಳ್ಳಲ್ಲ. ಸಂಸ್ಥೆ ಇರುವುದು ಮೈಸೂರಿನಲ್ಲೇ.

ಆ ಹುಡುಗಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಪ್ರೋಗ್ರಾಮನ್ನು ಇನ್ನೂ ತಿದ್ದುತ್ತಿದ್ದೀನಿ, ಬಿಡುವಿದ್ದಾಗ ನೋಡಿ ಸರ್ ಅಂದಳು. ನೋಡೋಣ ಅಂದೆ.

ಡ್ರಾಯರ್ ಖಾಲಿ ಮಾಡಿ ಕೀ ಕೊಟ್ಟೆ. ಬೇಡದ ಕಾಗದವೆಲ್ಲ ಹರಿದು ಹಾಕಿದೆ.

ಏಪ್ರಿಲ್ 21, ಸೋಮವಾರ

ಬಂಡೀಪುರ. ಹೆದ್ದಾರಿಯಿಂದ ಸ್ವಲ್ಪ ಒಳಗೆ ಹೆಂಚಿನ ಕಟ್ಟಡ. ಎರಡು ಕೋಣೆ, ಸೋಲಾರ್ ದೀಪ, ಒಳ್ಳೆಯ ಕಂಪ್ಯೂಟರ್. ವಾಚರುಗಳು ಕ್ಯಾಮೆರಾ ಕಾರ್ಡುಗಳನ್ನು ಸಂಜೆ ತಂದುಕೊಡುತ್ತಾರೆ. ಬೆಳಗ್ಗೆ ನಾನು ವಿಂಗಡಿಸಿ, ಯಾವ ಕಡೆ ಆನೆ ಇದೆ, ಯಾವ ಕಡೆ ಇಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಡಬೇಕು. ಅದನ್ನು ನೋಡಿಕೊಂಡು ಅವರು ಅವತ್ತು ನಡೆಯುವ ದಾರಿ ಆರಿಸುತ್ತಾರೆ.

ಇಬ್ಬರು ವಾಚರುಗಳನ್ನು ನನ್ನ ಜೊತೆಗೆ ಕೊಟ್ಟಿದ್ದಾರೆ. ಒಬ್ಬ ಸೋಮಣ್ಣ. ಇನ್ನೊಬ್ಬರು ಪುಟ್ಟಮಾದಯ್ಯ.

ಕಾಡು ದೊಡ್ಡದು, ವಾಚರುಗಳು ನೂರಾರು ಜನ, ನನ್ನ ಪಾಲಿಗೆ ಬರಲಿಕ್ಕಿಲ್ಲ ಎಂದುಕೊಂಡಿದ್ದೆ.

ಸಣಕಲು ಮನುಷ್ಯ, ಬಿಳಿ ಮೀಸೆ. ಹೆಸರು ಕೇಳಿದವರೇ ಕೈ ಮುಗಿದರು. ‘ಚಂದ್ರಕುಮಾರ್ ಸಾರಾ? ನಮ್ ಬಿಂದುಶ್ರೀ ಮೊಗೀನ ಮೇಷ್ಟ್ರಲ್ವಾ ನೀವು? ಮನೇಲಿ ದಿನಾ ನಿಮ್ದೇ ಮಾತು ಸಾ.’ ನನ್ನ ಟ್ರಂಕನ್ನು ತಾನೇ ಹೊತ್ತು ಒಳಗಿಟ್ಟರು. ಬೇಡ ಅಂದರೂ ಬಿಡಲಿಲ್ಲ.

ಏಪ್ರಿಲ್ 23, ಬುಧವಾರ

ನಾನು ಇಲ್ಲಿಗೆ ಬಂದದ್ದನ್ನು ಪುಟ್ಟಮಾದಯ್ಯ ಮಗಳಿಗೆ ಫೋನಿನಲ್ಲಿ ಹೇಳಿದರಂತೆ. ಏನಂದಳು ಎಂದು ಕೇಳಿದೆ. ‘ಒಳ್ಳೇದಾಯ್ತು ಅಂತು ಸಾ. ಇನ್ನೇನೂ ಅನ್ನಿಲ್ಲ.’

ಮೇ 9, ಶುಕ್ರವಾರ

ಕೆಲಸ ಕೈಗೆ ಹತ್ತಿದೆ. ದಿನಕ್ಕೆ ಆರು ಸಾವಿರ ಫೋಟೊ. ನನ್ನ ಪ್ರೋಗ್ರಾಮ್ ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಮೊದಮೊದಲು ಖಾಲಿ ಎಂದು ಬಿಟ್ಟವನ್ನೂ ಒಮ್ಮೆ ಕಣ್ಣಾಡಿಸುತ್ತಿದ್ದೆ. ಈಗ ಬಿಟ್ಟಿದ್ದೇನೆ. ತಪ್ಪುವುದೇ ಇಲ್ಲ.

ಪುಟ್ಟಮಾದಯ್ಯ ಮನೆಯಿಂದ ಬರುವಾಗ ಹುರುಳಿ ಸಾರು, ಮುದ್ದೆ ತರುತ್ತಾರೆ. ಹೆಂಡತಿ ಮಲ್ಲಮ್ಮ ಮೇಷ್ಟ್ರಿಗೆ ಎಂದು ಬೇರೆ ಡಬ್ಬಿಯಲ್ಲಿ ಕಟ್ಟಿರುತ್ತಾರೆ. ನನಗೆ ಕಾರ ಆಗುವುದಿಲ್ಲ ಎಂದು ಹೇಳಿ ನಿಲ್ಲಿಸಿದೆ.

ಜೂನ್ 17, ಮಂಗಳವಾರ

ನಾಲ್ಕು ದಿನದಿಂದ ಸೋನೆ, ಬೆಳಗ್ಗೆ ಸಂಜೆ ಮಂಜು. ಇವತ್ತು ಹಾಳೆಯಲ್ಲಿ ಕೆರೆ ಕಡೆಯ ದಾರಿ ಏನೂ ಇಲ್ಲ ಎಂದು ಬರೆದುಕೊಟ್ಟೆ. ಪುಟ್ಟಮಾದಯ್ಯ, ಸೋಮಣ್ಣ ಆ ದಾರಿಯಲ್ಲೇ ಹೋದರು.

ಒಂಬತ್ತೂವರೆಗೆ ಸೋಮಣ್ಣ ಒಬ್ಬನೇ ಓಡಿ ಬಂದ. ಒಂಟಿ ಸಲಗ. ಪೊದೆ ಪಕ್ಕದಲ್ಲೇ ನಿಂತಿತ್ತಂತೆ. ಪುಟ್ಟಮಾದಯ್ಯನವರನ್ನು ಸೊಂಡಿಲಿನಿಂದ ತಳ್ಳಿ ಕಾಲುವೆಗೆ ಎಸೆದಿದೆ. ಸೋಮಣ್ಣ ಪಟಾಕಿ ಹೊಡೆದ ಮೇಲೆ ಹೋಯಿತು. ಜೀಪಿನಲ್ಲಿ ಗುಂಡ್ಲುಪೇಟೆಗೆ, ಅಲ್ಲಿಂದ ಚಾಮರಾಜನಗರದ ಆಸ್ಪತ್ರೆಗೆ. ತೊಡೆಯ ಮೂಳೆ ಮುರಿದಿದೆ. ಪ್ರಾಣ ಉಳಿದಿದೆ.

ಜೂನ್ 18, ಬುಧವಾರ

ಖಾಲಿ ಎಂದು ಬಿಟ್ಟ ಫೋಟೊಗಳನ್ನು ತೆರೆದೆ. ಸೋಮವಾರ ಸಂಜೆ ಐದು ಗಂಟೆ ನಲವತ್ತು ನಿಮಿಷ, ಕೆರೆ ದಾರಿಯ ಕ್ಯಾಮೆರಾ. ಎಲ್ಲ ಬಿಳಿ. ಮಂಜು. ಕಣ್ಣು ಕಿರಿದು ಮಾಡಿ ನೋಡಿದರೆ ಮಂಜಿನೊಳಗೆ ಒಂದು ಕೊಂಬು, ಒಂದು ಕಿವಿ.

ಮೂರು ಫೋಟೊ ಇದ್ದವು. ಮೂರನ್ನೂ ಪ್ರೋಗ್ರಾಮ್ ಬಿಟ್ಟಿದೆ.

ಜೂನ್ 20, ಶುಕ್ರವಾರ

ಆಸ್ಪತ್ರೆಗೆ ಹೋದೆ. ಪುಟ್ಟಮಾದಯ್ಯ ಔಷಧಿಯ ಮಂಪರಿನಲ್ಲಿದ್ದರು. ಕಾಲಿಗೆ ತೂಕ ಕಟ್ಟಿದ್ದರು. ಮಲ್ಲಮ್ಮ ಮಾತ್ರೆ ತರಲು ಹೋಗಿದ್ದರು. ಪಕ್ಕದ ಸ್ಟೂಲಿನಲ್ಲಿ ಬಿಂದುಶ್ರೀ. ಎದ್ದು ನಿಂತಳು. ನನಗೆ ಸ್ಟೂಲು ಕೊಟ್ಟು ಗೋಡೆಗೆ ಒರಗಿದಳು.

ಅಲ್ಲಿಂದಲೇ ಕೇಳಿದಳು. ‘ಸರ್, ಹಿಂದಿನ ದಿನದ ಫೋಟೊದಲ್ಲಿ ಆನೆ ಇತ್ತಾ?’

ಇಲ್ಲ ಅನ್ನಬಹುದಿತ್ತು. ಬಾಯಿ ಬರಲಿಲ್ಲ. ‘ಇತ್ತು. ಖಾಲಿ ಅಂತ ಬಿಟ್ಟುಬಿಟ್ಟಿತ್ತು.’

‘ಮಂಜಿದ್ರೆ ಅದು ತಪ್ಪು ಮಾಡುತ್ತೆ ಸರ್. ಆನೆಯ ಬೂದು ಬಣ್ಣ ಮಂಜಿನ ಬಣ್ಣದಲ್ಲಿ ಕಳೆದುಹೋಗುತ್ತೆ. ಮಾರ್ಚಲ್ಲೇ ಗೊತ್ತಾಯ್ತು, ಸರಿ ಮಾಡಿದೆ. ನಿಮ್ಮ ಹತ್ರ ಇರೋದು ಹಳೇದು.’

ನನ್ನ ಹತ್ತಿರ ಇರುವುದು ಅವಳದು ಎಂದು ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು. ಶುರುವಾಗುವಾಗ ಪರದೆಯ ಮೇಲೆ ಒಂದು ಹಸಿರು ಎಲೆ ಬಂದು ಹೋಗುತ್ತದೆ ಎಂದು ಅಪ್ಪ ಹೇಳಿದ್ದರಂತೆ. ಆ ಎಲೆ ಅವಳು ಬರೆದದ್ದು.

‘ಸರಿ ಮಾಡಿದ್ದನ್ನ ನನಗೆ ಹೇಳಬಾರದಿತ್ತಾ’ ಅಂದೆ.

‘ನಿಮಗೆ ಅದು ಬೇಕಾಗಿದೆ ಅಂತ ನನಗೆ ಗೊತ್ತಿರಲಿಲ್ಲ ಸರ್.’

ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಹೊರಡುವಾಗ ವರಾಂಡದವರೆಗೂ ಬಂದು, ನಾಳೆ ಹೊಸದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಸೋಮಣ್ಣನ ಕೈಲಿ ಕಳಿಸುತ್ತೇನೆ ಅಂದಳು. ‘ಸೋಮಣ್ಣ ಮಾವನೂ ಅದೇ ದಾರೀಲಿ ನಡೀಬೇಕಲ್ಲ ಸರ್.’

ಬಸ್‌ಸ್ಟ್ಯಾಂಡಿಗೆ ನಡೆದುಕೊಂಡೇ ಹೋದೆ. ಮಳೆಯಲ್ಲಿ ನೆನೆದು ನೆಗಡಿಯಾಗಿದೆ.

ಜುಲೈ 2, ಬುಧವಾರ

ಸೋಮಣ್ಣ ತಂದುಕೊಟ್ಟ ಹೊಸ ಪ್ರೋಗ್ರಾಮ್ ಮಂಜಿನಲ್ಲೂ ಹಿಡಿಯುತ್ತದೆ. ಹಳೆಯ ಮೂರು ಫೋಟೊ ಹಾಕಿ ನೋಡಿದೆ. ಮೂರರಲ್ಲೂ ಆನೆ ಎಂದು ತೋರಿಸಿತು.

ಸ್ವರ್ಣಲತಾ ಮೇಡಂ ಬಂದಿದ್ದರು. ಹದಿನೈದು ದಿನದಲ್ಲಿ ಇಷ್ಟು ತಿದ್ದಿದ್ದೀರಿ, ಒಳ್ಳೆಯ ಕೆಲಸ ಅಂದರು. ಇದರ ಬಗ್ಗೆ ಒಂದು ಪ್ರಬಂಧ ಬರೆಯೋಣ ಅಂದರು. ಆರು ತಿಂಗಳ ಮಟ್ಟಿಗೆ ಒಬ್ಬ ಸಹಾಯಕರನ್ನು ತೆಗೆದುಕೊಳ್ಳುವ ಅನುಮತಿ ಸಿಕ್ಕಿದೆಯಂತೆ. ನಿಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

ಯೋಚನೆ ಮಾಡಿ ಹೇಳುತ್ತೇನೆ ಅಂದೆ.

ಜುಲೈ 15, ಮಂಗಳವಾರ

ಬಿಂದುಶ್ರೀಯ ಹೆಸರು ಹೇಳಿ ಮೇಡಂಗೆ ಇವತ್ತು ಮೇಲ್ ಮಾಡಬೇಕೆಂದಿದ್ದೆ. ನೆಟ್‌ವರ್ಕ್ ಇರಲಿಲ್ಲ. ಸಂಜೆ ಬಂತು. ಆಗ ಬೇರೆ ಕೆಲಸ ಇತ್ತು.

ಅವಳು ಇಲ್ಲಿಗೆ ಬಂದರೆ ಪ್ರತಿದಿನ ಎದುರಿಗೆ ಕೂರುತ್ತಾಳೆ. ಅದು ಅವಳಿಗೂ ಕಷ್ಟ.

ಜುಲೈ 29, ಮಂಗಳವಾರ

ಸಹಾಯಕರ ಜಾಗಕ್ಕೆ ಮೈಸೂರಿನ ಒಬ್ಬ ಹುಡುಗನನ್ನು ತೆಗೆದುಕೊಂಡರಂತೆ. ನಿಮ್ಮಿಂದ ಉತ್ತರ ಬರಲಿಲ್ಲ, ಅದಕ್ಕೆ ಎಂದು ಬರೆದಿದ್ದಾರೆ.

ಆಗಸ್ಟ್ 8, ಶುಕ್ರವಾರ

ಪುಟ್ಟಮಾದಯ್ಯ ಕೆಲಸಕ್ಕೆ ಬಂದರು. ಇಷ್ಟು ಬೇಗ ಬರಬೇಕಿರಲಿಲ್ಲ. ಬರದಿದ್ದರೆ ಜಾಗ ಬೇರೆಯವರಿಗೆ ಹೋಗುತ್ತದೆ ಎಂದು ಬಂದಿದ್ದಾರೆ. ಕೋಲು ಹಿಡಿದು ನಡೆಯುತ್ತಾರೆ. ಕಾಡಿಗೆ ಕಳಿಸುವ ಹಾಗಿಲ್ಲ ಎಂದು ಚೆಕ್‌ಪೋಸ್ಟಿನಲ್ಲಿ ಕೂರಿಸಿ, ಬರುವ ಹೋಗುವ ಗಾಡಿಗಳ ನಂಬರು ಬರೆಯಲು ಹಾಕಿದ್ದಾರೆ.

ನನ್ನ ಕೋಣೆಯ ಮುಂದೆ ಹೋಗುವಾಗ ಮೊದಲಿನಂತೆಯೇ ಕೈ ಮುಗಿದರು. ಮಗಳ ಪರೀಕ್ಷೆ ಮುಗಿಯಿತಂತೆ. ತೆರಕಣಾಂಬಿಯಲ್ಲಿ ತರಕಾರಿ ಮಂಡಿಯೊಂದರಲ್ಲಿ ಬಿಲ್ಲು ಹೊಡೆಯುವ ಕೆಲಸಕ್ಕೆ ಹೋಗುತ್ತಿದ್ದಾಳಂತೆ. ಬೆಳಗ್ಗೆ ಐದಕ್ಕೆ ಹೊರಟರೆ ಮಧ್ಯಾಹ್ನ ವಾಪಸ್ಸು. ‘ಕಂಪ್ಯೂಟ್ರು ಕೆಲ್ಸವೇ ಸಾ’ ಅಂದರು.

ನಮ್ಮ ವಿಭಾಗಕ್ಕೆ ಈ ವರ್ಷ ಪ್ರವೇಶ ಇಲ್ಲ ಎಂದು ಶಿವಮಲ್ಲು ಮೆಸೇಜ್ ಕಳಿಸಿದ್ದಾನೆ. ಲ್ಯಾಬಿನ ಬಾಗಿಲಿನ ಫೋಟೊ ಹಾಕಿದ್ದಾನೆ. ಫೋನ್ ಪಕ್ಕಕ್ಕಿಟ್ಟು ಕಾರ್ಡುಗಳ ಕೆಲಸಕ್ಕೆ ಕೂತೆ.

ಸೆಪ್ಟೆಂಬರ್ 4, ಗುರುವಾರ

ಒಂದು ತಿಂಗಳಿಂದ ಬರೆದಿಲ್ಲ. ಇವತ್ತಿನದನ್ನು ಬರೆಯಬೇಕು.

ಬೆಳಗ್ಗೆ ಮೇಡಂ ಬಂದರು, ಜೊತೆಗೆ ಹೊರಗಿನ ಇಬ್ಬರು ಪರಿಣತರು. ಪ್ರಬಂಧದ ಕರಡು ಹಿಡಿದು ಕೂತರು. ಮಂಜಿನ ಫೋಟೊಗಳ ಭಾಗ ಬಂದಾಗ ಅವರಲ್ಲೊಬ್ಬರು, ಈ ಹದಿನೆಂಟು ಸಾಲು ಬಹಳ ಜಾಣತನದಿಂದ ಬರೆದಿದ್ದೀರಿ, ಯಾಕೆ ಹೀಗೆ ಮಾಡಿದಿರಿ ವಿವರಿಸಿ ಅಂದರು.

ಪರದೆ ನೋಡಿದೆ. ಎರಡು ತಿಂಗಳಿಂದ ದಿನಾ ನಡೆಸುತ್ತಿರುವ ಪ್ರೋಗ್ರಾಮ್. ಆ ಹದಿನೆಂಟು ಸಾಲನ್ನು ನಾನು ಒಂದು ದಿನವೂ ಕೂತು ಓದಿರಲಿಲ್ಲ. ಓದಲು ತೆರೆದಾಗೆಲ್ಲ ಮುಚ್ಚಿದ್ದೆ. ಓದಿದ್ದರೆ ಅರ್ಥವಾಗುತ್ತಿತ್ತು, ಅರ್ಥವಾಗಿದ್ದರೆ ಇವತ್ತೂ ವಿವರಿಸಿಬಿಡುತ್ತಿದ್ದೆ. ಅದನ್ನೂ ಇಲ್ಲಿ ಬರೆದಿಡುತ್ತೇನೆ.

‘ಇದನ್ನ ಬರೆದದ್ದು ನಾನಲ್ಲ’ ಅಂದೆ. ‘ನನ್ನ ವಿದ್ಯಾರ್ಥಿನಿ ಬಿಂದುಶ್ರೀ. ಮೊದಲು ಕಳಿಸಿದ್ದೂ ಅವಳದೇ.’

ಮೇಡಂ ಉಳಿದಿಬ್ಬರನ್ನು ಹೊರಗೆ ಕಳಿಸಿದರು. ಎಲ್ಲ ಹೇಳಿದೆ. ಪತ್ರ ಬಂದದ್ದು, ಹಾಕದೆ ಇಟ್ಟದ್ದು, ಅವಳು ಕೇಳಿದಾಗ ಇಲ್ಲ ಅಂದದ್ದು. ಅವರು ಬೈಯಲಿಲ್ಲ. ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೇಳಿಸಿಕೊಂಡರು.

‘ಇದನ್ನ ನೀವು ಜುಲೈಯಲ್ಲಿ ಹೇಳಿದ್ದರೂ ಆ ಸಹಾಯಕರ ಜಾಗ ಇತ್ತು’ ಅಂದರು.

ಕೆಲಸ ಬಿಡುತ್ತೇನೆ, ಅವಳನ್ನು ತೆಗೆದುಕೊಳ್ಳಿ ಅಂದೆ. ಹಾಗೆ ಬರುವುದಿಲ್ಲ, ನೀವು ಬಿಟ್ಟರೆ ಹುದ್ದೆ ಮೈಸೂರಿಗೆ ವಾಪಸ್ ಹೋಗುತ್ತದೆ, ಮತ್ತೆ ಪ್ರಕಟಣೆ, ಮತ್ತೆ ಸಂದರ್ಶನ, ಅಷ್ಟರಲ್ಲಿ ಯೋಜನೆಯೇ ಮುಗಿದಿರುತ್ತದೆ ಅಂದರು. ಪ್ರಬಂಧದಲ್ಲಿ ಅವಳ ಹೆಸರು ಮೊದಲು ಹಾಕುತ್ತಾರಂತೆ. ಮುಂದೆ ಯಾವುದಾದರೂ ಯೋಜನೆ ಬಂದರೆ ಕರೆಯುತ್ತಾರಂತೆ. ನನ್ನ ವಿಷಯ ಸಂಸ್ಥೆಗೆ ಬರೆಯುತ್ತಾರೆ. ಅಲ್ಲಿಂದ ಆದೇಶ ಬರುವವರೆಗೆ ನಾನು ಇದೇ ಕುರ್ಚಿಯಲ್ಲಿ ಇದೇ ಕೆಲಸ ಮಾಡಬೇಕು, ವಾಚರುಗಳು ನಾಳೆಯೂ ನಡೆಯುತ್ತಾರೆ ಅಂದರು.

ಅವರು ಹೋದ ಮೇಲೆ ಚೆಕ್‌ಪೋಸ್ಟಿನವರೆಗೆ ನಡೆದೆ. ಪುಟ್ಟಮಾದಯ್ಯ ಬೆಂಚಿನ ಮೇಲೆ ಕಾಲು ನೀಡಿಕೊಂಡು ಕೂತಿದ್ದರು. ಏಳಲು ಹೋದರು, ಭುಜ ಹಿಡಿದು ಕೂರಿಸಿದೆ. ಪಕ್ಕದಲ್ಲಿ ಕೂತೆ. ಕೇರಳದ ಕಡೆಯಿಂದ ಒಂದು ಲಾರಿ ಬಂತು, ನಂಬರು ಬರೆದುಕೊಂಡರು. ಅದು ದಾಟುವವರೆಗೆ ಕಾದೆ.

‘ಪುಟ್ಟಮಾದಯ್ಯನವರೇ, ನಾನು ಮಾಡ್ತಿರೋ ಕೆಲಸ ನಿಮ್ಮ ಮಗಳಿಗೆ ಬಂದಿದ್ದು. ನಾನು ಅವಳಿಗೆ ಹೇಳಲಿಲ್ಲ. ಅವಳು ಬರೆದದ್ದನ್ನ ನಂದು ಅಂತ ತೋರಿಸಿ ತಗೊಂಡೆ. ನಿಮ್ಮ ಕಾಲು ಮುರಿದದ್ದೂ ಅದರಿಂದಲೇ.’

ಅವರು ಪುಸ್ತಕ ಮುಚ್ಚಿ ಅದರ ಮೇಲೆ ಪೆನ್ನಿಟ್ಟರು.

‘ಗೊತ್ತು ಸಾ’ ಅಂದರು.

ನಾನು ಅವರ ಮುಖ ನೋಡಿದೆ.

‘ಆಸ್ಪತ್ರೇಲೇ ಮೊಗ ಯೋಳ್ತು. ನಂಗೆ ತಡಿಯಕಾಗ್ನಿಲ್ಲ. ದೊಡ್ಡವ್ರ ತಾವ್ಕೆ ಓಗಿ ಯೋಳ್ಬುಡ್ತೀನಿ ಅಂದೆ. ಅದೇ ಬ್ಯಾಡ ಅಂತು. ಮೇಷ್ಟ್ರು ಅಂಥವ್ರಲ್ಲ ಕಣಪ್ಪ, ಅವ್ರೇ ಒಂದಿನ ಬಂದು ಯೋಳ್ತಾರೆ, ಅಲ್ಲೀಗಂಟ ಕಾಯನ ಅಂತು.’

ಈಗ ಬಂದು ಹೇಳಿದ್ದೀನಲ್ಲ, ಅವಳಿಗೆ ತಿಳಿಸಿ ಅಂದೆ.

ಪುಟ್ಟಮಾದಯ್ಯ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಸರಿಯಾಗಿ ಇಟ್ಟುಕೊಂಡರು.

‘ತಿಳುಸ್ತೀನಿ ಸಾ. ಆದ್ರೆ ಓದ ವಾರ ಗೌರಿ ಹಬ್ಬದ ದಿನ ಅದೇ ಅಂತು. ಇನ್ನ ಕಾಯಾದು ಬ್ಯಾಡ ಬುಡಪ್ಪ, ಅವ್ರು ಯೋಳಾಕಿಲ್ಲ ಅಂತ.’